ಬಾರದ ಪದಕವೇ ದೊಡ್ಡ ಹೆಮ್ಮೆ

ಗಂಡನೋ ಮಗನೋ ಯುದ್ಧಕ್ಕೆ ಹೋದರೆ ಮನೆಯಾಕೆಗಿರೋದು ಒಂದೇ ಚಿಂತೆ: ಕ್ಷೇಮವಾಗಿ ಹಿಂದಿರುಗಿ ಬರ್ತಾರಾ ಅಂತ. ಅಲ್ಲವೇ? ಆ ಚಿಂತೆಯನ್ನು ತನ್ನದಾಗಿಸಿಕೊಂಡ ಕಮಾಂಡರ್ ಒಬ್ಬರ ಕಥೆ ಕೇಳಿ.

ಅಮೆರಿಕದ ಯೂಜೀನ್ ಫ್ಲಕಿ 1944ರಲ್ಲಿ ‘ಬಾರ್ಬ್’ ಎಂಬ ಜಲಾಂತರ್ಗಾಮಿಯ ಹೊಣೆ ಹೊತ್ತರು. ನೀರಿನಡಿಯ ಆ ಕೆಲಸ ಎಷ್ಟು ಅಪಾಯದ್ದು ಗೊತ್ತೇ? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ 52 ಜಲಾಂತರ್ಗಾಮಿಗಳನ್ನೂ ಸುಮಾರು 3,500 ನಾವಿಕರನ್ನೂ ಕಳೆದುಕೊಂಡಿತು.

ಬಾರ್ಬ್ ಹೆದರಿ ದೂರ ನಿಂತಿದ್ದಿಲ್ಲ. 1944ರ ಸೆಪ್ಟೆಂಬರಿನಲ್ಲಿ, ಹಡಗು ಮುಳುಗಿ ಕಡಲಲ್ಲಿ ತೇಲುತ್ತಿದ್ದ 14 ಯುದ್ಧಕೈದಿಗಳನ್ನು ಮೇಲೆತ್ತಿ ಉಳಿಸಿತು. 1945ರ ಜನವರಿಯಲ್ಲಿ ಚೀನಾದ ಬಂದರೊಂದಕ್ಕೆ ರಾತ್ರಿ ನುಗ್ಗಿ, ಜಪಾನಿನ ಹಡಗುಗಳನ್ನು ಹೊಡೆದು ಪಾರಾಗಿ ಬಂತು. ಆ ಜುಲೈನಲ್ಲಿ ಅದರ ಎಂಟು ನಾವಿಕರು ಜಪಾನಿನ ವಶದಲ್ಲಿದ್ದ ಕರಾಫುಟೊ ದಡಕ್ಕಿಳಿದು ರೈಲನ್ನೇ ಸಿಡಿಸಿದರು. ಎಂಟೂ ಜನ ಮರಳಿದರು! ಹಡಗು ಮುಳುಗಿಸಿದಾಗ ಬಾರ್ಬ್‌ನ ಅಡುಗೆಮನೆಯಲ್ಲಿ ಕೇಕ್ ಬೇಯುತ್ತಿತ್ತಂತೆ.

ಫ್ಲಕಿಗೆ ದೇಶದ ಅತ್ಯುನ್ನತ ‘ಮೆಡಲ್ ಆಫ್ ಆನರ್’ ಜತೆಗೆ ನಾಲ್ಕು ನೇವಿ ಕ್ರಾಸ್‌ಗಳೂ ಬಂದವು. ಆದರೆ ಗಾಯಗೊಂಡವರಿಗೆ, ಮಡಿದವರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕ ಅವರ ಕೈಕೆಳಗಿನ ಒಬ್ಬರಿಗೂ ಬರಲಿಲ್ಲ. 2007ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡ ಫ್ಲಕಿಗೆ ಬದುಕಿನುದ್ದಕ್ಕೂ ಅದೇ ದೊಡ್ಡ ಹೆಮ್ಮೆ.

ಬಾಗಿಲಲ್ಲಿ ಕಾದು ನಿಂತ ತಾಯಿ-ಹೆಂಡಿರಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೇ? ನೀವೇ ಹೇಳಿ.