ಕ್ಯಾಮೆರಾದ ಎರಡು ಕವಾಟಗಳು: ಯಾವುದು, ಯಾವಾಗ?

ಹೈದರಾಬಾದಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬ. ಮಗಳ ಭರತನಾಟ್ಯ ರಂಗಪ್ರವೇಶದ ಸಂಜೆ. ರಾಯಚೂರಿನಲ್ಲಿರುವ ಅಜ್ಜಿಗೆ ಪ್ರಯಾಣದ ಶಕ್ತಿ ಉಳಿದಿಲ್ಲ. ಅವರು ಛಾಯಾಚಿತ್ರಗಳಿಗಾಗಿ ಕಾದಿದ್ದಾರೆ. ಹೊಸದಾಗಿ ಕೊಂಡ ಮಿರರ್‌ಲೆಸ್ ಕ್ಯಾಮೆರಾ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತ ತಂದೆ, ಸದ್ದಿನಿಂದ ಗಾಯನಕ್ಕೂ ನಟ್ಟುವಾಂಗಕ್ಕೂ ಭಂಗವಾಗದಿರಲೆಂದು ನಿಶ್ಶಬ್ದ ವಿಧಾನವನ್ನು ಆರಿಸಿಕೊಂಡು ನೂರಾರು ಚಿತ್ರಗಳನ್ನು ತೆಗೆಯುತ್ತಾರೆ. ರಾತ್ರಿ ಮನೆಗೆ ಬಂದು ದೊಡ್ಡ ಪರದೆಯ ಮೇಲೆ ನೋಡಿದರೆ ಮಗಳ ಮುಖದ ಮೇಲೂ ರಂಗದ ಹಿನ್ನೆಲೆಯ ಮೇಲೂ ಕಪ್ಪು-ಬಿಳುಪಿನ ಅಡ್ಡಪಟ್ಟಿಗಳು! ಕ್ಯಾಮೆರಾ ಕೆಟ್ಟಿಲ್ಲ, ಕೈ ನಡುಗಿಲ್ಲ. ತಪ್ಪಿದ್ದು ಒಂದು ಆಯ್ಕೆ ಮಾತ್ರ.

ಇಂತಹ ನಿರಾಶೆ ಇಂದು ಅಪರೂಪವಲ್ಲ. ಇಂದಿನ ಬಹುಪಾಲು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಯಾಂತ್ರಿಕ ಷಟರ್ ಮತ್ತು ಎಲೆಕ್ಟ್ರಾನಿಕ್ ಷಟರ್ ಎಂಬ ಎರಡು ವಿಧಾನಗಳಿರುತ್ತವೆ. ಅವುಗಳ ಅಂತರವನ್ನು ಅರಿತವರಿಗೆ ಈ ತೊಂದರೆಯನ್ನು ತಪ್ಪಿಸುವುದು ಕಷ್ಟವಲ್ಲ.

ಷಟರಿನ ಕೆಲಸ

ಷಟರ್ ಎಂದರೆ ಬೆಳಕಿಗೆ ಒಡ್ಡಿದ ಕವಾಟ. ಎಷ್ಟು ಹೊತ್ತು ಬೆಳಕು ಒಳಗೆ ಬರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಛಾಯಾಗ್ರಹಣದ ಆರಂಭದ ಕಾಲದಲ್ಲಿ ಈ ಕೆಲಸವನ್ನು ಕೈಯೇ ಮಾಡುತ್ತಿತ್ತು. ಮಸೂರದ ಮುಚ್ಚಳ ತೆಗೆದು, ಮನಸ್ಸಿನಲ್ಲಿಯೇ ಎಣಿಸಿ, ಮತ್ತೆ ಮುಚ್ಚುವುದು ವಾಡಿಕೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ ಹೈದರಾಬಾದಿನ ವೈಭವವನ್ನು ಸೆರೆಹಿಡಿದ ರಾಜಾ ದೀನದಯಾಳರ (1844–1905) ಜೀವಿತಕಾಲದಲ್ಲಿಯೇ ಛಾಯಾಗ್ರಹಣವು ಹಸಿ ಫಲಕಗಳಿಂದ ಹೆಚ್ಚು ಚುರುಕಾದ ಒಣ ಫಲಕಗಳಿಗೆ ಬದಲಾಯಿತು. ಕೈಯ ಎಣಿಕೆಗೆ ನಿಲುಕದಷ್ಟು ಕಿರಿದಾದ ಕಾಲವನ್ನು ಅಳೆಯಲು ಯಂತ್ರದ ಕವಾಟ ಅನಿವಾರ್ಯವಾಯಿತು.

ಇಂದಿನ ಯಾಂತ್ರಿಕ ಷಟರಿನಲ್ಲಿ ಎರಡು ತೆಳುವಾದ ಪರದೆಗಳಿವೆ. ಮೊದಲನೆಯದು ಸರಿದು ಬೆಳಕಿಗೆ ದಾರಿ ಕೊಡುತ್ತದೆ. ಎರಡನೆಯದು ಅದರ ಹಿಂದೆಯೇ ಸರಿದು ದಾರಿಯನ್ನು ಮುಚ್ಚುತ್ತದೆ. ಚೌಕಟ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಲು ಪರದೆಗೆ ಬೇಕಾಗುವ ಕಾಲ ಸುಮಾರು 1/250 ಸೆಕೆಂಡು. ‘ಕ್ಲಿಕ್’ ಎಂಬ ಪರಿಚಿತ ಸದ್ದು ಈ ಪರದೆಗಳದೇ.

ಎಲೆಕ್ಟ್ರಾನಿಕ್ ಷಟರಿನಲ್ಲಿ ಚಲಿಸುವ ಭಾಗಗಳೇ ಇಲ್ಲ, ಆದುದರಿಂದ ಸದ್ದೂ ಇಲ್ಲ. ಬೆಳಕನ್ನು ಗ್ರಹಿಸುವ ಸೆನ್ಸರ್ ಫಲಕವೇ ಒಂದೊಂದು ಸಾಲನ್ನೂ ಸರದಿಯಂತೆ ತೆರೆದು, ಓದಿ, ಮುಗಿಸುತ್ತದೆ. ಪುಟವೊಂದನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುವ ಕ್ರಮದಂತೆಯೇ ಇದು. ಸಾಮಾನ್ಯ ಬೆಲೆಯ ಅನೇಕ ಕ್ಯಾಮೆರಾಗಳಿಗೆ ಇಡೀ ಪುಟವನ್ನು ಓದಲು 1/20 ಸೆಕೆಂಡಿನಷ್ಟು ಕಾಲ ಬೇಕು. ಕ್ಯಾಮೆರಾದಲ್ಲಿ 1/1000 ಸೆಕೆಂಡು ಎಂದು ಗೊತ್ತುಪಡಿಸಿದರೂ ಅದು ಪ್ರತಿಯೊಂದು ಸಾಲಿನ ಲೆಕ್ಕ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ 1/20 ಸೆಕೆಂಡಿನ ಅಂತರ ಇದ್ದೇ ಇರುತ್ತದೆ. ಎಲ್ಲ ಎಡವಟ್ಟುಗಳ ಮೂಲ ಇಲ್ಲಿದೆ.

ದೀಪಗಳ ಮಿಡಿತ

ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಇದರಿಂದ ಉರಿಯುವ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಕಣ್ಣಿಗೆ ಇದು ತಿಳಿಯುವುದಿಲ್ಲ; ಸಾಲುಸಾಲಾಗಿ ಓದುವ ಸೆನ್ಸರಿಗೆ ಚೆನ್ನಾಗಿಯೇ ತಿಳಿಯುತ್ತದೆ. 1/20 ಸೆಕೆಂಡಿನಲ್ಲಿ ದೀಪ ಐದು ಬಾರಿ ಮಿಡಿದಿರುತ್ತದೆ. ಚಿತ್ರದಲ್ಲಿ ಐದು ಪಟ್ಟಿಗಳು ಮೂಡುತ್ತವೆ. ತಂದೆಯ ಚಿತ್ರಗಳನ್ನು ಕೆಡಿಸಿದ್ದು ಇದೇ ಮಿಡಿತ.

ಯಾಂತ್ರಿಕ ಷಟರಿನ ಪರದೆ ಒಂದು ಮಿಡಿತದ ಅರ್ಧಕ್ಕಿಂತ ಕಡಿಮೆ ಕಾಲದಲ್ಲಿ ದಾಟಿಬಿಡುವುದರಿಂದ ಇಂತಹ ಪಟ್ಟಿಗಳ ಸಾಲು ಮೂಡುವುದಿಲ್ಲ. ಆದರೂ ಒಂದು ಚಿತ್ರ ಬೆಳಗಿ ಮತ್ತೊಂದು ಮಂಕಾಗಬಹುದು. ಅದಕ್ಕಾಗಿ ಅನೇಕ ಕ್ಯಾಮೆರಾಗಳಲ್ಲಿ ‘ಆ್ಯಂಟಿ-ಫ್ಲಿಕರ್’ ಎಂಬ ಸೌಲಭ್ಯವಿದೆ. ದೀಪ ಹೆಚ್ಚು ಬೆಳಗುವ ಕ್ಷಣವನ್ನು ಕಾದು ಅದು ಷಟರನ್ನು ಬಿಡುತ್ತದೆ. ನಿಶ್ಶಬ್ದ ವಿಧಾನವೇ ಬೇಕೆಂದಾದರೆ ಷಟರಿನ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಬೇಕು. ಆಗ ಪ್ರತಿ ಸಾಲಿಗೂ ಪೂರ್ಣ ಮಿಡಿತದ ಬೆಳಕು ದೊರೆತು ಪಟ್ಟಿಗಳು ಮಾಯವಾಗುತ್ತವೆ. ಆದರೆ ಅಷ್ಟು ನಿಧಾನದ ವೇಗದಲ್ಲಿ ನರ್ತಕಿಯ ಕೈಕಾಲುಗಳು ಮಸುಕಾಗುತ್ತವೆ. ಆದುದರಿಂದ ಇದು ಕುಳಿತು ಹಾಡುವವರಿಗೆ ಸರಿ, ಜತಿಗೆ ಹೆಜ್ಜೆ ಹಾಕುವವರಿಗೆ ಸಲ್ಲದು. ವೇದಿಕೆಯ ಹಿಂದೆ ಇರಿಸುವ ಎಲ್‌ಇಡಿ ಪರದೆಗಳ ಮಿಡಿತ ಇನ್ನೂ ಚುರುಕಾಗಿರುವುದರಿಂದ ಅಲ್ಲಿ ಯಾಂತ್ರಿಕ ಷಟರ್ ಸಹ ಕೆಲವೊಮ್ಮೆ ಸೋಲುತ್ತದೆ.

ಚಲಿಸುವ ವಸ್ತುಗಳು

ಓದುತ್ತಿರುವಾಗಲೇ ಪುಟ ಸರಿದರೆ ಅಕ್ಷರಗಳು ಓರೆಯಾಗಿ ಕಾಣುವುದು ಸಹಜ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುವ ಮಗುವಿನ ಚಿತ್ರ ಚೌಕಟ್ಟಿನ ಮೇಲಿನಿಂದ ಕೆಳಗಿನವರೆಗೆ ತುಂಬಿದೆಯೆಂದು ಭಾವಿಸಿದರೆ, 1/20 ಸೆಕೆಂಡಿನಲ್ಲಿ ಅದು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ತಲೆ ಒಂದೆಡೆ, ಪಾದ ಇನ್ನೊಂದೆಡೆ! ಯಾಂತ್ರಿಕ ಷಟರಿನಲ್ಲಿ ಈ ಅಂತರ 1.6 ಸೆಂಟಿಮೀಟರ್ ಮಾತ್ರ. ಬೀಸಿದ ಕ್ರಿಕೆಟ್ ಬ್ಯಾಟು ಬಾಗಿದಂತೆಯೂ, ಮೆಟ್ರೋ ರೈಲಿನ ಕಿಟಕಿಯಿಂದ ತೆಗೆದ ಕಟ್ಟಡಗಳು ವಾಲಿದಂತೆಯೂ ಕಾಣುವುದಕ್ಕೆ ಇದೇ ಕಾರಣ. ಮೊಬೈಲ್ ಫೋನುಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಷಟರ್ ಒಂದೇ ಇರುವುದರಿಂದ ತಿರುಗುವ ಫ್ಯಾನಿನ ರೆಕ್ಕೆಗಳು ಅವುಗಳಲ್ಲಿ ಸೊಟ್ಟಗಾಗುವುದನ್ನು ಹಲವರು ಗಮನಿಸಿರಬಹುದು.

ಮದುವೆಯ ಮಂಟಪದಲ್ಲಿ ಫ್ಲಾಷ್ ಬಳಸುವವರಿಗೂ ಯಾಂತ್ರಿಕ ಷಟರೇ ಗತಿ. ಫ್ಲಾಷ್ ಬೆಳಗುವ ಅತ್ಯಲ್ಪ ಕಾಲದಲ್ಲಿ ಚೌಕಟ್ಟು ಪೂರ್ತಿಯಾಗಿ ತೆರೆದಿರಬೇಕು. ಸಾಲುಗಳನ್ನು ಸರದಿಯಂತೆ ತೆರೆಯುವ ವಿಧಾನದಲ್ಲಿ ಇದು ಸುಲಭವಲ್ಲವಾದ ಕಾರಣ, ಅನೇಕ ಕ್ಯಾಮೆರಾಗಳು ಎಲೆಕ್ಟ್ರಾನಿಕ್ ವಿಧಾನದಲ್ಲಿ ಫ್ಲಾಷನ್ನೇ ತಡೆಯುತ್ತವೆ.

ಎಲೆಕ್ಟ್ರಾನಿಕ್ ಷಟರಿನ ಗುಣಗಳು

ಹಾಗೆಂದು ಎಲೆಕ್ಟ್ರಾನಿಕ್ ಷಟರನ್ನು ದೂರವಿಡಬೇಕಾಗಿಲ್ಲ. ಕಿಟಕಿಯ ಹಗಲು ಬೆಳಕಿನಲ್ಲಿ ತೊಟ್ಟಿಲಲ್ಲಿ ಮಲಗಿದ ಹಸುಗೂಸು, ಧ್ಯಾನಸ್ಥರಾಗಿ ಕುಳಿತ ಹಿರಿಯರು, ಇಂತಹ ಕಡೆ ಅದಕ್ಕೆ ಸಾಟಿಯಿಲ್ಲ. ಸೂರ್ಯನ ಬೆಳಕು ಮಿಡಿಯುವುದಿಲ್ಲ, ಚಾರ್‌ಮಿನಾರ್ ಚಲಿಸುವುದಿಲ್ಲ. ಯಾಂತ್ರಿಕ ಷಟರಿನ ಮಿತಿ ಸಾಮಾನ್ಯವಾಗಿ 1/4000 ಅಥವಾ 1/8000 ಸೆಕೆಂಡು; ಕೆಲವು ಎಲೆಕ್ಟ್ರಾನಿಕ್ ಷಟರುಗಳು 1/32000 ಸೆಕೆಂಡಿನವರೆಗೆ ಹೋಗುತ್ತವೆ. ಹೈದರಾಬಾದಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಸೂರವನ್ನು ಪೂರ್ತಿಯಾಗಿ ತೆರೆದು ಚಿತ್ರ ತೆಗೆಯುವವರಿಗೆ ಇದು ವರದಾನ. ಯಂತ್ರದ ಸವೆತವೂ ಇಲ್ಲ. ಆದರೆ ಕೆಲವು ಕ್ಯಾಮೆರಾಗಳಲ್ಲಿ ಈ ವಿಧಾನದಲ್ಲಿ ನೆರಳು-ಬೆಳಕಿನ ಸೂಕ್ಷ್ಮ ವಿವರಗಳು ತುಸು ಕಡಿಮೆಯಾಗುತ್ತವೆ.

ಇವೆರಡರ ನಡುವೆ ಮಧ್ಯಮ ಮಾರ್ಗವೊಂದಿದೆ. ಮೊದಲ ಪರದೆಯ ಕೆಲಸವನ್ನು ಸೆನ್ಸರೂ ಎರಡನೆಯದನ್ನು ಯಂತ್ರವೂ ನಿರ್ವಹಿಸುವ ವಿಧಾನವಿದು. ಇದರಲ್ಲಿ ಸದ್ದೂ ಅದುರುವಿಕೆಯೂ ಕಡಿಮೆ. ದಿನನಿತ್ಯದ ಬಳಕೆಗೆ ಇದು ಹಿತಕರ. ಮಸೂರ ಪೂರ್ಣ ತೆರೆದು ಅತಿ ವೇಗದ ಷಟರ್ ಬಳಸಿದಾಗ ಮಾತ್ರ ಹಿನ್ನೆಲೆಯ ಮಸುಕು ವೃತ್ತಗಳು ತುಂಡರಿಸಿದಂತೆ ಕಾಣಬಹುದು.

ವಿಜ್ಞಾನವೂ ಮುನ್ನಡೆಯುತ್ತಿದೆ. 2021ರಲ್ಲಿ ಬಂದ ನಿಕಾನ್ ಝಡ್9 ಕ್ಯಾಮೆರಾದಲ್ಲಿ ಸೆನ್ಸರ್ ಅತಿ ಶೀಘ್ರವಾಗಿ ಓದುವುದರಿಂದ ಯಾಂತ್ರಿಕ ಷಟರನ್ನೇ ಕೈಬಿಡಲಾಗಿದೆ. 2023ರಲ್ಲಿ ಪ್ರಕಟವಾದ ಸೋನಿ ಎ9-3 ಇಡೀ ಚೌಕಟ್ಟನ್ನು ಒಂದೇ ಕ್ಷಣದಲ್ಲಿ ಗ್ರಹಿಸುತ್ತದೆ. ಇವುಗಳ ಬೆಲೆ ಲಕ್ಷಗಳಲ್ಲಿದೆ. ಸಾಮಾನ್ಯ ಕುಟುಂಬದ ಕೈಯಲ್ಲಿರುವ ಕ್ಯಾಮೆರಾಕ್ಕೆ ವಿವೇಕದ ಆಯ್ಕೆಯೇ ಆಧಾರ.

ಮೂರು ಪ್ರಶ್ನೆಗಳು

ಸಮಾರಂಭಕ್ಕೆ ಹೊರಡುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಬೆಳಕು ಸೂರ್ಯನದೋ ದೀಪದ್ದೋ? ಎದುರಿಗಿರುವುದು ನಿಶ್ಚಲವೋ ಚಲಿಸುವುದೋ? ಮೌನ ಅನಿವಾರ್ಯವೋ ಅಲ್ಲವೋ? ದೀಪ, ಚಲನೆ, ಫ್ಲಾಷ್ ಇವುಗಳಲ್ಲಿ ಯಾವುದೊಂದಿದ್ದರೂ ಯಾಂತ್ರಿಕ ಷಟರ್ ಲೇಸು. ಹಗಲು ಬೆಳಕು, ನಿಶ್ಚಲತೆ, ಮೌನ ಇವು ಕೂಡಿದಲ್ಲಿ ಎಲೆಕ್ಟ್ರಾನಿಕ್ ಷಟರ್ ಲೇಸು. ಸಂದೇಹವಿದ್ದರೆ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮುಂಚೆ ಸಭಾಂಗಣಕ್ಕೆ ಹೋಗಿ, ವೇದಿಕೆಯ ದೀಪಗಳು ಉರಿಯುತ್ತಿರುವಾಗ ಎರಡೂ ವಿಧಾನಗಳಲ್ಲಿ 1/500 ಸೆಕೆಂಡಿನ ಒಂದೊಂದು ಚಿತ್ರ ತೆಗೆದು, ಹಿಗ್ಗಿಸಿ ನೋಡಬೇಕು. ಪಟ್ಟಿಗಳಿದ್ದರೆ ಅಲ್ಲಿಯೇ ಕಾಣುತ್ತವೆ.

ರಂಗಪ್ರವೇಶವಾಗಲಿ, ಮಾಂಗಲ್ಯಧಾರಣೆಯಾಗಲಿ, ಹಿರಿಯರ ಷಷ್ಟ್ಯಬ್ದಿಯಾಗಲಿ ಮರಳಿ ಬರುವಂತಹವಲ್ಲ. ಕಲಾವಿದರ ಬಗೆಗೆ ಗೌರವವಿರಿಸಿ ಸದ್ದನ್ನು ತಡೆಯಬೇಕೆಂಬ ತಂದೆಯ ಭಾವನೆ ಮೆಚ್ಚತಕ್ಕದ್ದೇ. ಮೃದಂಗದ ನಾದ ತುಂಬಿದಾಗ ಮಾತ್ರ ಯಾಂತ್ರಿಕ ಷಟರಿನ ಗುಂಡಿ ಒತ್ತಿ, ಮೌನದ ಗಳಿಗೆಯಲ್ಲಿ ಕ್ಯಾಮೆರಾವನ್ನು ಕೆಳಗಿಳಿಸಿದ್ದರೆ ಗೌರವವೂ ಉಳಿಯುತ್ತಿತ್ತು, ರಾಯಚೂರಿನ ಅಜ್ಜಿಗೆ ಮೊಮ್ಮಗಳ ಮುಖವೂ ಸ್ವಚ್ಛವಾಗಿ ಕಾಣುತ್ತಿತ್ತು.