ಸೋತವರು ಬರೆದ ಇತಿಹಾಸ: ಅಮೆರಿಕದ ಅಂತರ್ಯುದ್ಧದ ಸುತ್ತ ಬೆಳೆದ ತಪ್ಪು ಕಲ್ಪನೆಗಳು

1861ರ ಏಪ್ರಿಲ್ 12ರ ಬೆಳಗಿನ ಜಾವ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಸಿಡಿದವು. ಅಮೆರಿಕದ ಅಂತರ್ಯುದ್ಧ ಶುರುವಾದದ್ದು ಹೀಗೆ. ಒಂದು ಕಡೆ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದ ಒಕ್ಕೂಟ, ಇನ್ನೊಂದು ಕಡೆ ಒಕ್ಕೂಟ ತೊರೆದು ‘ಕಾನ್ಫೆಡರಸಿ’ ಕಟ್ಟಿಕೊಂಡ ದಕ್ಷಿಣದ 11 ರಾಜ್ಯಗಳು. ನಾಲ್ಕು ವರ್ಷಗಳ ಆ ಯುದ್ಧದ ಬಗ್ಗೆ ಇಂದಿಗೂ ಹರಿದಾಡುವ ಮಾತುಗಳಲ್ಲಿ ಹಲವು ಅರೆಸತ್ಯ, ಕೆಲವು ಅಪ್ಪಟ ಸುಳ್ಳು. ಅವುಗಳನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕು: ಇದು ಯುದ್ಧಕ್ಕೆ ಮೊದಲು ಆಡಿದ ಮಾತೋ, ಸೋತ ಮೇಲೆ ಆಡಿದ್ದೋ?

ತಪ್ಪು ಕಲ್ಪನೆ: ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ

ಸತ್ಯ: ಒಕ್ಕೂಟ ಬಿಟ್ಟ ರಾಜ್ಯಗಳು ತಮ್ಮ ಕಾರಣವನ್ನು ಮುಚ್ಚಿಡಲಿಲ್ಲ. ದಕ್ಷಿಣ ಕೆರೊಲಿನಾ, ಮಿಸಿಸಿಪಿ, ಜಾರ್ಜಿಯಾ, ಟೆಕ್ಸಾಸ್ ಈ ನಾಲ್ಕೂ ತಾವು ಹೊರಬಂದದ್ದೇಕೆ ಎಂದು ವಿವರವಾದ ಹೇಳಿಕೆ ಹೊರಡಿಸಿದವು. ತಮ್ಮ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿಯಾಗಿ ಬೆಸೆದುಕೊಂಡಿದೆ ಎಂದು ಮಿಸಿಸಿಪಿ ಆರಂಭದಲ್ಲೇ ಸಾರಿತು. ದಕ್ಷಿಣ ಕೆರೊಲಿನಾದ ದೂರಂತೂ ‘ರಾಜ್ಯದ ಹಕ್ಕು’ ಎಂಬ ವಾದವನ್ನೇ ತಲೆಕೆಳಗು ಮಾಡುತ್ತದೆ. ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಲು ಉತ್ತರದ ರಾಜ್ಯಗಳು ಒಪ್ಪುತ್ತಿಲ್ಲ, ಕೇಂದ್ರದ ಕಾನೂನಿಗೆ ಅಡ್ಡ ಬರುವ ಕಾಯ್ದೆಗಳನ್ನು ಮಾಡಿಕೊಂಡಿವೆ ಎಂಬುದು ಅದರ ಸಿಟ್ಟು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅದಕ್ಕೆ ಅಪರಾಧವಾಗಿ ಕಂಡಿತ್ತು.

ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾಡಿದ ಭಾಷಣದಲ್ಲಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ಹೊಸ ಸರ್ಕಾರದ ಅಡಿಗಲ್ಲು ಎಂದರು. ಸೋತ ಮೇಲೆ ಅದೇ ಸ್ಟೀಫನ್ಸ್ ಎರಡು ಸಂಪುಟಗಳ ಗ್ರಂಥ ಬರೆದು, ಜಗಳವೆಲ್ಲ ಸಂವಿಧಾನದ ವ್ಯಾಖ್ಯಾನದ್ದು ಎಂದು ವಾದಿಸಿದರು. ನಡುವೆ ಬದಲಾದದ್ದು ಒಂದೇ: ಗುಲಾಮಗಿರಿಯನ್ನು ಎದೆ ತಟ್ಟಿಕೊಂಡು ಸಮರ್ಥಿಸುವ ಕಾಲ ಮುಗಿದಿತ್ತು.

ತಪ್ಪು ಕಲ್ಪನೆ: ಲಿಂಕನ್ ಯುದ್ಧಕ್ಕೆ ಇಳಿದದ್ದೇ ಗುಲಾಮರನ್ನು ಬಿಡಿಸಲು

ಸತ್ಯ: ದಕ್ಷಿಣ ಹೋರಾಡಿದ್ದು ಗುಲಾಮಗಿರಿ ಉಳಿಸಲು ಎಂದಮಾತ್ರಕ್ಕೆ ಉತ್ತರ ಮೊದಲ ದಿನದಿಂದಲೇ ಅದನ್ನು ಅಳಿಸಲು ಹೊರಟಿತ್ತು ಎಂದಾಗುವುದಿಲ್ಲ. ಲಿಂಕನ್ ಗುಲಾಮಗಿರಿಯನ್ನು ಅನ್ಯಾಯವೆಂದೇ ನಂಬಿದ್ದವರು. ಆದರೆ 1860ರ ಚುನಾವಣೆಯಲ್ಲಿ ಅವರ ಪಕ್ಷ ಹೇಳಿದ್ದು, ಅದು ಪಶ್ಚಿಮದ ಹೊಸ ಪ್ರದೇಶಗಳಿಗೆ ಹಬ್ಬಬಾರದು ಎಂದಷ್ಟೇ. 1861ರ ಮಾರ್ಚ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ, ಈಗಾಗಲೇ ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಕೈಹಾಕುವ ಉದ್ದೇಶ ತಮಗಿಲ್ಲ ಎಂದು ಲಿಂಕನ್ ಸ್ಪಷ್ಟವಾಗಿಯೇ ಹೇಳಿದರು. ಒಕ್ಕೂಟ ಉಳಿಸಿಕೊಳ್ಳುವುದು ಅವರ ಮೊದಲ ಗುರಿ. ಗುಲಾಮಗಿರಿಯನ್ನು ಮುರಿಯದೆ ದಕ್ಷಿಣವನ್ನು ಮಣಿಸಲಾಗದು ಎಂಬ ನಿರ್ಧಾರಕ್ಕೆ ಅವರು ಬಂದದ್ದು 1862ರಲ್ಲಿ.

ತಪ್ಪು ಕಲ್ಪನೆ: ಒಂದು ಘೋಷಣೆಯಿಂದ ಗುಲಾಮರೆಲ್ಲ ಸ್ವತಂತ್ರರಾದರು

ಸತ್ಯ: 1863ರ ಜನವರಿ 1ರ ವಿಮೋಚನಾ ಘೋಷಣೆ ಅನ್ವಯಿಸಿದ್ದು ಬಂಡಾಯದಲ್ಲಿವೆ ಎಂದು ಅದೇ ಹೆಸರಿಸಿದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಗುಲಾಮರನ್ನು ಅದು ಮುಟ್ಟಲಿಲ್ಲ. ಹಾಗೆಂದು ‘ಅದು ಬರೀ ಕಾಗದ, ಯಾರನ್ನೂ ಬಿಡಿಸಲಿಲ್ಲ’ ಎಂಬ ಪ್ರತಿವಾದವೂ ಸರಿಯಲ್ಲ. ದಕ್ಷಿಣ ಕೆರೊಲಿನಾದ ಕರಾವಳಿ ದ್ವೀಪಗಳಂಥ, ಒಕ್ಕೂಟದ ಸೇನೆ ಆಗಲೇ ಹಿಡಿದಿದ್ದ ಕಡೆಗಳಲ್ಲಿ ಸಾವಿರಾರು ಜನ ಅಂದೇ ಬಿಡುಗಡೆ ಹೊಂದಿದರು. ಸೇನೆ ಮುಂದುವರಿದಂತೆಲ್ಲ ಬಿಡುಗಡೆಯೂ ಮುಂದುವರಿಯಿತು. ದೇಶಾದ್ಯಂತ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದಾಗ.

ತಪ್ಪು ಕಲ್ಪನೆ: ಕರಿಯರು ಬಿಡುಗಡೆಗಾಗಿ ಕಾದು ಕುಳಿತಿದ್ದರು

ಸತ್ಯ: ಲಿಂಕನ್ ಘೋಷಣೆಗೆ ಒಂದೂವರೆ ವರ್ಷ ಮೊದಲೇ, 1861ರ ಮೇನಲ್ಲಿ, ಮೂವರು ಗುಲಾಮರು ವರ್ಜೀನಿಯಾದ ಮನ್ರೋ ಕೋಟೆಗೆ ಬಂದು ಒಕ್ಕೂಟದ ಸೇನೆಯ ಆಶ್ರಯ ಕೇಳಿದರು. ಅವರ ಒಡೆಯನ ಪರವಾಗಿ ಅವರನ್ನು ವಾಪಸು ಕೇಳಿದಾಗ, ವಕೀಲರೂ ಆಗಿದ್ದ ಜನರಲ್ ಬೆಂಜಮಿನ್ ಬಟ್ಲರ್ ಕೊಡಲು ಒಪ್ಪಲಿಲ್ಲ. ಗುಲಾಮರನ್ನು ಆಸ್ತಿಯೆಂದು ನೀವೇ ಹೇಳುತ್ತೀರಿ, ಶತ್ರು ಯುದ್ಧಕ್ಕೆ ಬಳಸುವ ಆಸ್ತಿಯನ್ನು ವಶಪಡಿಸಿಕೊಳ್ಳಬಹುದು ಎಂಬುದು ಬಟ್ಲರ್ ಹೂಡಿದ ವಾದ. ಸುದ್ದಿ ಹಬ್ಬಿ ನೂರಾರು ಜನ ಕೋಟೆಯತ್ತ ಹೊರಟರು. ಸರ್ಕಾರ ನೀತಿ ರೂಪಿಸುವ ಮೊದಲೇ ಗುಲಾಮರು ತಮ್ಮ ಕಾಲಿನಿಂದ ಅದನ್ನು ರೂಪಿಸತೊಡಗಿದ್ದರು.

1862ರ ಮೇ 13ರಂದು ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ನಾವಿಕ ಚಾರ್ಲ್ಸ್‌ಟನ್‌ನಲ್ಲಿ ಬಿಳಿಯ ಅಧಿಕಾರಿಗಳಿಲ್ಲದ ಹೊತ್ತು ನೋಡಿ, ಕಪ್ತಾನನ ಟೊಪ್ಪಿಗೆ ಹಾಕಿಕೊಂಡು ‘ಪ್ಲಾಂಟರ್’ ಹಡಗನ್ನು ಹೊರಡಿಸಿದರು. ಹೆಂಡತಿ ಮಕ್ಕಳೂ ಹಡಗಿನಲ್ಲಿದ್ದರು. ಕೋಟೆಗಳ ಕಾವಲನ್ನು ದಾಟಿ ಅದನ್ನು ಒಕ್ಕೂಟದ ನೌಕಾಪಡೆಗೆ ಒಪ್ಪಿಸಿದ ಸ್ಮಾಲ್ಸ್ ಮುಂದೆ ಸಂಸದರಾದರು. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೇನೆಗೆ ಸೇರಿದ್ದ ಕರಿಯರು ಸುಮಾರು 1,80,000. ಇವರಿಗೆ ಮೊದಮೊದಲು ಬಿಳಿಯ ಸೈನಿಕರಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದರು. ಸಮಾನ ಸಂಬಳದ ಕಾನೂನು ಬಂದದ್ದು 1864ರಲ್ಲಿ.

ತಪ್ಪು ಕಲ್ಪನೆ: ಹೆಚ್ಚಿನವರು ಸತ್ತದ್ದು ಗುಂಡಿಗೆ, ಲೀ ಶರಣಾದ ದಿನವೇ ಯುದ್ಧ ಮುಗಿಯಿತು

ಸತ್ಯ: ಸತ್ತ ಸೈನಿಕರು 6,20,000 ಎಂಬುದು ಬಹುಕಾಲದ ಲೆಕ್ಕ. ಜನಗಣತಿಯ ಆಧಾರದ ಮೇಲೆ 2011ರಲ್ಲಿ ಪ್ರಕಟವಾದ ಅಂದಾಜು ಅದನ್ನು 7,50,000ದ ಆಸುಪಾಸಿಗೆ ಏರಿಸಿತು. ಸತ್ತ ಮೂವರಲ್ಲಿ ಸುಮಾರು ಇಬ್ಬರನ್ನು ಕೊಂದದ್ದು ಭೇದಿ, ಟೈಫಾಯ್ಡ್, ದಡಾರದಂಥ ರೋಗಗಳು. ಇನ್ನು 1865ರ ಏಪ್ರಿಲ್ 9ರಂದು ಅಪೊಮ್ಯಾಟೊಕ್ಸ್‌ನಲ್ಲಿ ದಕ್ಷಿಣದ ಜನರಲ್ ರಾಬರ್ಟ್ ಲೀ ಒಪ್ಪಿಸಿದ್ದು ತಮ್ಮ ಒಂದು ಸೇನೆಯನ್ನು ಮಾತ್ರ. ದಕ್ಷಿಣದ ಇನ್ನೊಬ್ಬ ಜನರಲ್ ಜಾನ್‌ಸ್ಟನ್ ಶರಣಾದದ್ದು ಏಪ್ರಿಲ್ 26ರಂದು. ಕಾನ್ಫೆಡರಸಿಯ ‘ಶೆನಂಡೋವಾ’ ಎಂಬ ಯುದ್ಧನೌಕೆ ಲಿವರ್‌ಪೂಲ್‌ನಲ್ಲಿ ಬಾವುಟ ಇಳಿಸಿದ್ದು ನವೆಂಬರ್‌ನಲ್ಲಿ.

ತಪ್ಪು ಕಲ್ಪನೆ: ಆ ಯುದ್ಧಕ್ಕೂ ನಮಗೂ ಏನೂ ಸಂಬಂಧವಿಲ್ಲ

ಸತ್ಯ: ಬ್ರಿಟನ್ನಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಬರುತ್ತಿದ್ದುದು ಅಮೆರಿಕದ ದಕ್ಷಿಣದಿಂದ. ಒಕ್ಕೂಟದ ನೌಕಾಪಡೆ ಅಲ್ಲಿನ ಬಂದರುಗಳನ್ನು ಮುಚ್ಚಿದಾಗ ವ್ಯಾಪಾರಿಗಳ ಕಣ್ಣು ಭಾರತದ ಮೇಲೆ ಬಿತ್ತು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು; ‘ಧಾರವಾಡ-ಅಮೆರಿಕನ್’ ಎಂದೇ ಅದಕ್ಕೆ ಹೆಸರು. ಆ ಹತ್ತಿಯನ್ನು ಕಾರವಾರದಿಂದ ಹಡಗಿಗೇರಿಸಬೇಕೆಂಬ ಒತ್ತಾಯ ಬಲವಾಗಿದ್ದ ಹೊತ್ತಿನಲ್ಲೇ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ನಿಂತು ಹತ್ತಿಯ ಬೆಲೆ ಕುಸಿದಾಗ ಮುಂಬಯಿಯ ಷೇರುಪೇಟೆಯೂ ಕುಸಿಯಿತು. ನಂಟು ಬರೀ ವ್ಯಾಪಾರದ್ದೂ ಅಲ್ಲ: ಸಮಾಜ ಸುಧಾರಕ ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಅರ್ಪಿಸಿದ್ದು ಗುಲಾಮಗಿರಿ ತೊಡೆಯಲು ಹೋರಾಡಿದ ಅಮೆರಿಕದ ಜನರಿಗೆ.

ತಪ್ಪು ಕಲ್ಪನೆ: ಗೆದ್ದವರು ಬರೆದದ್ದೇ ಇತಿಹಾಸ

ಸತ್ಯ: ಇಲ್ಲಿ ಸೋತವರೇ ಬಹುಕಾಲ ಬರೆದರು. ರಿಚ್ಮಂಡ್‌ನ ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ 1866ರಲ್ಲೇ ಸೋಲನ್ನು ಉದಾತ್ತ ಧ್ಯೇಯದ ದುರಂತವೆಂದು ಚಿತ್ರಿಸಿದರು. 1894ರಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಮಹಿಳಾ ಸಂಘ ಶಾಲಾ ಪಠ್ಯಗಳಲ್ಲಿ ಅದೇ ಕಥೆ ಇರುವಂತೆ ನೋಡಿಕೊಂಡಿತು, ಊರೂರಲ್ಲಿ ಸ್ಮಾರಕ ನಿಲ್ಲಿಸಿತು. ಕರಿಯರ ಮತದ ಹಕ್ಕನ್ನು ಕಿತ್ತುಕೊಳ್ಳುತ್ತಿದ್ದ ಕಾಲವೂ ಅದೇ. 1939ರ ‘ಗಾನ್ ವಿತ್ ದ ವಿಂಡ್’ ಸಿನಿಮಾ ಆ ಕಥೆಯನ್ನು ಜಗತ್ತಿಗೆಲ್ಲ ತಲುಪಿಸಿತು.

ರಿಚ್ಮಂಡ್‌ನ ಲೀ ಪ್ರತಿಮೆಯನ್ನು 2021ರಲ್ಲಿ ಇಳಿಸಿದಾಗ, ಇತಿಹಾಸವನ್ನೇ ಅಳಿಸುತ್ತಿದ್ದಾರೆ ಎಂಬ ಕೂಗು ಎದ್ದಿತು. ಆದರೆ ಆ ಪ್ರತಿಮೆ ನಿಂತದ್ದು 1890ರಲ್ಲಿ, ಯುದ್ಧ ಮುಗಿದು 25 ವರ್ಷಗಳ ಮೇಲೆ. 1860–61ರಲ್ಲಿ ದಕ್ಷಿಣ ತಾನೇ ಹೊರಡಿಸಿದ ಹೇಳಿಕೆಗಳನ್ನು ಯಾರೂ ಅಳಿಸಿಲ್ಲ. ಯುದ್ಧ ಯಾಕಾಯಿತು ಎಂದು ಕೇಳುವವರು ಮೊದಲು ಓದಬೇಕಾದದ್ದು ಅವನ್ನೇ.