ಶಾಲೆಯಲ್ಲಿ ಹುಟ್ಟಿದ ಮೀನಿಗೆ ತವರು ಯಾವುದು?

ಅಮೆರಿಕದ ಸಿಯಾಟಲ್‌ನಲ್ಲಿ ನೆಲೆಸಿರುವ ಸಾಗರದ ಕಡೆಯ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ನಾಲ್ಕನೇ ಕ್ಲಾಸಿನಲ್ಲಿರುವ ಅವರ ಮಗಳ ತರಗತಿಗೆ ಜನವರಿಯಲ್ಲಿ ಚಮ್ ಸಾಲ್ಮನ್ ಮೀನಿನ ಮೊಟ್ಟೆಗಳು ಬಂದವಂತೆ. ಮಕ್ಕಳೇ ಸಾಕಿ, ಮರಿ ಮಾಡಿ, ಮೊನ್ನೆ ಊರಿನ ಪೈಪರ್ಸ್ ಕ್ರೀಕ್ ಎಂಬ ಹಳ್ಳದ ಬಳಿ ಬಿಟ್ಟುಬಂದರು. ‘ಸಾಲ್ಮನ್ ಹುಟ್ಟಿದ ನೀರಿಗೇ ಮರಳುತ್ತದೆ ಅಂತಾರಲ್ಲ, ನಮ್ಮ ಮೀನು ಹುಟ್ಟಿದ್ದು ಶಾಲೆಯ ತೊಟ್ಟಿಯಲ್ಲಿ. ದೊಡ್ಡದಾದ ಮೇಲೆ ಅದು ಕ್ಲಾಸಿಗೆ ಬರುತ್ತಾ?’ ಇದು ಮಗಳ ಪ್ರಶ್ನೆ. ‘ಶಿವಮೊಗ್ಗದಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮನಿಗೂ ಹೀಗೆ ಮಾಡಲು ಹೇಳಲೇ?’ ಇದು ಅಮ್ಮನದು.

ಮಗಳ ಪ್ರಶ್ನೆ ಎಷ್ಟು ಚೆನ್ನಾಗಿದೆ ನೋಡಿ! ದೊಡ್ಡ ದೊಡ್ಡ ವಿಜ್ಞಾನಿಗಳೇ ಇದರ ಹಿಂದೆ ಬಿದ್ದಿದ್ದರು.

ಕಡಲೆಕಾಳಿನ ಗಾತ್ರದ ಕಿತ್ತಳೆ ಬಣ್ಣದ ಮೊಟ್ಟೆ, ಅದರೊಳಗೆ ಎರಡು ಕಪ್ಪು ಕಣ್ಣು. ನದಿಯಲ್ಲಾದರೆ ಇವು ಜಲ್ಲಿಯಡಿ ಕತ್ತಲಲ್ಲಿರುತ್ತವೆ. ಅದಕ್ಕೇ ಶಾಲೆಯ ತೊಟ್ಟಿಗೂ ಮುಸುಕು ಹಾಕಿ, ನೀರನ್ನು ತಣ್ಣಗಿಡುತ್ತಾರೆ. ದಿನದಿನದ ಉಷ್ಣಾಂಶವನ್ನು ಕೂಡಿಸುತ್ತ ಹೋದರೆ ಮೊಟ್ಟೆ ಯಾವಾಗ ಒಡೆಯುತ್ತದೆಂದು ಮಕ್ಕಳೇ ಲೆಕ್ಕ ಹಾಕಬಹುದು. ಹೊರಬಂದ ಮರಿಯ ಹೊಟ್ಟೆಗೆ ಮೊಟ್ಟೆಯೊಳಗಿನ ಆಹಾರದ ಬುತ್ತಿ ಕಟ್ಟಿರುತ್ತದೆ. ಅದು ಖಾಲಿಯಾಗುವವರೆಗೆ ಊಟದ ಚಿಂತೆಯಿಲ್ಲ.

ಇನ್ನು ತವರಿನ ವಿಷಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ 1946ರಲ್ಲಿ ತಮ್ಮ ಹುಟ್ಟೂರಿನ ಸೀಮೆಯಾದ ಯೂಟಾದ ಬೆಟ್ಟ ಹತ್ತುತ್ತಿದ್ದರು. ಜಲಪಾತ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಹಸಿ ಪಾಚಿಯ, ಕಾಡುಹೂವಿನ ವಾಸನೆ ಗಾಳಿಯಲ್ಲಿ ತೇಲಿಬಂತು. ಮರೆತೇಹೋಗಿದ್ದ ಬಾಲ್ಯದ ನೆನಪುಗಳು ಒಟ್ಟಿಗೇ ಎದ್ದುಬಂದವು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಅಜ್ಜನ ಮನೆಯ ಅಂಗಳ ನೆನಪಾಗುತ್ತದಲ್ಲ, ಹಾಗೆ. ನನಗೆ ಆಗುವುದು ಮೀನಿಗೂ ಯಾಕಾಗಬಾರದು ಎಂದು ಅವರಿಗೆ ಹೊಳೆಯಿತು.

ಹೊಳೆದರೆ ಸಾಕೇ? ಸಿಯಾಟಲ್ ಪಕ್ಕದ ಇಸ್ಸಕ್ವಾ ಹಳ್ಳ ಎರಡಾಗಿ ಕವಲೊಡೆಯುವಲ್ಲಿ, ತಮ್ಮ ತಮ್ಮ ಕವಲನ್ನು ಆಗಲೇ ಸೇರಿದ್ದ ಕೋಹೋ ಸಾಲ್ಮನ್‌ಗಳನ್ನು ಹಿಡಿದು, ಅರ್ಧದಷ್ಟು ಮೀನುಗಳ ಮೂಗಿಗೆ ಹತ್ತಿ ತುರುಕಿ, ಮತ್ತೆ ಕವಲಿನ ಕೆಳಗೆ ಬಿಟ್ಟರು. (ಮೀನಿನ ಮೂಗು ಉಸಿರಾಟಕ್ಕಲ್ಲ, ಮೂಸುವುದಕ್ಕೆ ಮಾತ್ರ. ಪಾಪ ಅನ್ನಬೇಡಿ.) ಮೂಗು ತೆರೆದಿದ್ದವು ಬಹುಪಾಲು ತಮ್ಮ ಕವಲನ್ನೇ ಹಿಡಿದವು. ಹತ್ತಿಯ ಮೂಗಿನವು ದಿಕ್ಕುತಪ್ಪಿ ಸಿಕ್ಕಸಿಕ್ಕ ಕಡೆ ನುಗ್ಗಿದವು.

1970ರ ದಶಕದ ಪ್ರಯೋಗವಂತೂ ಮಾಯಾಜಾಲದಂತಿದೆ. ಸಾಕಣೆ ಕೇಂದ್ರದ ಕೋಹೋ ಮರಿಗಳಲ್ಲಿ ಒಂದು ಗುಂಪಿಗೆ ಮಾರ್ಫೊಲಿನ್ ಎಂಬ ರಾಸಾಯನಿಕವನ್ನು, ಇನ್ನೊಂದಕ್ಕೆ ಗುಲಾಬಿ ಪರಿಮಳದ ಫಿನೆಥೈಲ್ ಆಲ್ಕೋಹಾಲನ್ನು ನೀರಿನಲ್ಲಿ ಚೂರೇ ಚೂರು ಬೆರೆಸಿ ರೂಢಿ ಮಾಡಿಸಿದರು. ಆಮೇಲೆ ಎಲ್ಲವನ್ನೂ ಮಿಷಿಗನ್ ಸರೋವರಕ್ಕೆ ಬಿಟ್ಟರು. ಒಂದೂವರೆ ವರ್ಷ ಕಳೆದು ಅವು ಮೊಟ್ಟೆಯಿಡಲು ಹೊರಡುವ ಹೊತ್ತಿಗೆ ಒಂದು ಹೊಳೆಗೆ ಮಾರ್ಫೊಲಿನ್, ಮತ್ತೊಂದಕ್ಕೆ ಗುಲಾಬಿ ವಾಸನೆ ತೊಟ್ಟಿಕ್ಕಿಸಿದರು. ಹೊಳೆಗಳಿಗೆ ಬಂದ ಮೀನುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ತಮ್ಮ ವಾಸನೆಯ ಹೊಳೆಯನ್ನೇ ಸೇರಿದ್ದವು. ಅದನ್ನು ಅವು ಹಿಂದೆ ಕಂಡೇ ಇರಲಿಲ್ಲ! ತವರೆಂದರೆ ಜಾಗವಲ್ಲ, ಒಂದು ವಾಸನೆ.

ಹಾಗಾದರೆ ಚಮ್ ಮರಿಗೆ ಕ್ಲಾಸಿನ ವಾಸನೆ ಹತ್ತಿಬಿಡುವುದಿಲ್ಲವೇ? ಚಮ್ ಜಾತಿಯದು ಅವಸರದ ಸ್ವಭಾವ. ಈಜಲು ಕಲಿತ ಕೆಲವೇ ದಿನಗಳಲ್ಲಿ ಕಡಲಿಗೆ ಹೊರಟುಬಿಡುತ್ತದೆ; ಹಳ್ಳದ ವಾಸನೆ ಕಲಿಯಲು ಪುರುಸೊತ್ತೇ ಸಿಗದು. ಅದಕ್ಕೇ ಪೈಪರ್ಸ್ ಕ್ರೀಕ್ ಹರಿಯುವ ಕಾರ್ಕೀಕ್ ಪಾರ್ಕಿನಲ್ಲಿ ಹಳ್ಳದ ನೀರೇ ತುಂಬುವ ಪುಟ್ಟ ಕೊಳವೊಂದಿದೆ. ಮರಿಗಳನ್ನು ಅಲ್ಲಿ ಕೆಲವು ವಾರ ಇಟ್ಟು, ‘ಇದು ನಿನ್ನ ಮನೆಯ ವಾಸನೆ, ಮರೆಯಬೇಡ’ ಎಂದು ಪಾಠ ಹೇಳಿಸಿಯೇ ಕಡಲಿಗೆ ಕಳಿಸುವುದು.

ಆದರೆ ಮರಿ ಬಿಟ್ಟ ಮಾತ್ರಕ್ಕೆ ಹಳ್ಳ ಉದ್ಧಾರವಾಗದು. ಇದೇ ಸಿಯಾಟಲ್‌ನ ಹಳ್ಳಗಳಲ್ಲಿ ಜೋರು ಮಳೆ ಬಂದ ಕೆಲವೇ ಗಂಟೆಗಳಲ್ಲಿ ಕೋಹೋ ಮೀನುಗಳು ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ಸಾಯುತ್ತಿದ್ದವು. ಕಾರಣ ಗೊತ್ತಾದದ್ದು 2020ರಲ್ಲಿ. ಟೈರು ಬಿರಿಯದಿರಲೆಂದು ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ವಸ್ತು ಗಾಳಿಯ ಓಝೋನ್ ಜೊತೆ ಸೇರಿ ವಿಷವಾಗುತ್ತದೆ. ಟೈರಿನ ಪುಡಿಯೊಂದಿಗೆ ಚರಂಡಿ ಹಿಡಿದು ಹಳ್ಳಕ್ಕಿಳಿಯುತ್ತದೆ. ವಿಚಿತ್ರವೆಂದರೆ ಅದೇ ನೀರಿನಲ್ಲಿ ಚಮ್ ಆರಾಮಾಗಿರುತ್ತದೆ.

ಈಗ ಶಿವಮೊಗ್ಗದ ಮೇಷ್ಟ್ರು. ತೊಟ್ಟಿ ಇಡಿ, ಧಾರಾಳವಾಗಿ. ಮೀನು ಸತ್ತರೆ ‘ದೃಷ್ಟಿಯನ್ನೆಲ್ಲ ಅದೇ ತಗೊಂಡು ಹೋಯ್ತು’ ಎಂದು ಮಾತ್ರ ಮಕ್ಕಳ ಮುಂದೆ ಹೇಳಬೇಡಿ. ಶುದ್ಧ ಬೊಗಳೆ. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯವೇ ಅದಕ್ಕೆ ವಿಷ. ಅದನ್ನು ತಿಂದು ತೀರಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನ ಸ್ಪಂಜಿನಲ್ಲಿರುತ್ತವೆ. ಸ್ವಚ್ಛ ಮಾಡುತ್ತೇವೆಂದು ಕ್ಲೋರಿನ್ ನೀರಿನಲ್ಲಿ ಸ್ಪಂಜನ್ನು ತಿಕ್ಕಿ ತೊಳೆದರೆ ಅವು ಸಾಯುತ್ತವೆ, ಹಿಂದೆಯೇ ಮೀನು. ಹುಡುಗನಾಗಿದ್ದಾಗ ಗಾಜಿನ ಭರಣಿಯಲ್ಲಿ ನಾನು ಕೊಂದ ಗಪ್ಪಿಗಳಿಗೆ ಲೆಕ್ಕವಿಲ್ಲ. ಅವುಗಳಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ, ನನ್ನ ಶಿಸ್ತು ತಾಗಿತ್ತು.

ಬಿಡುವ ಕೆಲಸ ಮಾತ್ರ ಬೇಡವೇ ಬೇಡ. ಅಲ್ಲಿ ಬಿಡುವುದು ಆ ಸೀಮೆಯದೇ ಮೀನನ್ನು, ಇಲಾಖೆಯ ಅನುಮತಿ ಪಡೆದು, ಗೊತ್ತುಮಾಡಿದ ಹಳ್ಳಕ್ಕೆ. ನಮ್ಮಲ್ಲಿ ಅಂಗಡಿಯಿಂದ ತಂದದ್ದನ್ನು ಪುಣ್ಯ ಬರಲೆಂದು ಕೆರೆಗೆ ಸುರಿಯುತ್ತೇವೆ. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇವತ್ತು ನಮ್ಮ ದೇಶದ ಹಲವು ಕೆರೆ, ಹೊಳೆಗಳಲ್ಲಿ ಬೇರೂರಿರುವುದು ಇಂಥ ಪುಣ್ಯವಂತರಿಂದಲೂ ಹೌದು. ಅದರ ಬದಲು ಮಕ್ಕಳನ್ನು ಶೃಂಗೇರಿಗೆ ಕರೆದೊಯ್ದು, ತುಂಗೆಯ ಮೆಟ್ಟಿಲ ಮೇಲೆ ಕೂರಿಸಿ, ಅಲ್ಲಿನ ಮೀನುಗಳನ್ನು ಒಂದು ಗಂಟೆ ಸುಮ್ಮನೆ ನೋಡಲು ಬಿಡಿ.

ಸಿಯಾಟಲ್‌ನ ಪುಟ್ಟಿಗೆ ಒಂದು ಮಾತು. ನಿಮ್ಮ ಮರಿಗಳಲ್ಲಿ ಹೆಚ್ಚಿನವು ಕಡಲಲ್ಲಿ ಯಾರದೋ ಬಾಯಿಗೆ ತುತ್ತಾಗುತ್ತವೆ. ಉಳಿದ ಚಮ್ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆ ಮರಳುತ್ತದೆ. ನೀನು ಎಂಟನೇ ಕ್ಲಾಸಿನಲ್ಲಿರುವಾಗ ನವೆಂಬರಿನಲ್ಲಿ ಒಂದು ಭಾನುವಾರ ಅಮ್ಮನ ಜೊತೆ ಪೈಪರ್ಸ್ ಕ್ರೀಕ್‌ಗೆ ಹೋಗಿ ನೋಡು. ಕಂಡದ್ದನ್ನು ನನಗೂ ಬರೆ.